ನಾಲ್ಕನೆಯ ಕಾಳು

ಝೂರಿಕ್‌ನ ಹಳೆಯ ಹೋಟೆಲು, ಮೇ ತಿಂಗಳ ಮಂಗಳವಾರ.
ಹಸಿರು ಬನಾತಿನ ಮೇಜು, ನೀರಿನ ಜಗ್ಗು,
ಮೂವತ್ತು ಜನ, ಯಾರ ಮುಖವೂ
ಏನನ್ನೂ ಬಿಟ್ಟುಕೊಡುವಂತಿಲ್ಲ.
ನನ್ನ ಕೈಯಲ್ಲಿ ನಲವತ್ತೇಳನೆಯ ನಂಬರಿನ ಹಲಗೆ.

ನಲವತ್ತೆರಡು ವರ್ಷ ಊರಿಗೆಲ್ಲ ಹಲ್ಲು ಕಟ್ಟಿದವನು ನಾನು.
ವಿಂಟರ್‌ಥೂರಿನ ಹಿಂದಣ ಬೀದಿ, ಬೇಕರಿಯ ಮೇಲಿನ ಕೋಣೆ,
ಪ್ಲಾಸ್ಟರಿನ ಧೂಳು, ಗುಲಾಬಿ ಮೇಣದ ವಾಸನೆ.
ವೈದ್ಯರು ಕಳಿಸಿದ ಡಬ್ಬಿಯಲ್ಲಿ ದವಡೆಯ ಅಚ್ಚು, ಮೇಲೊಂದು ಚೀಟಿ:
ಶ್ರೀಮತಿ ಎಗ್ಲಿ, ಮೇಲಿನ ಸಾಲು.
ಪಾದ್ರಿ ನೆಫ್, ಎರಡು ಕೋರೆ, ಬೇಗ ಬೇಕು.
ಅವರ ಮುಖ ಕಂಡವನಲ್ಲ, ಕಡಿತ ಮಾತ್ರ ಬಲ್ಲೆ.
ಟ್ರಾಮಿನಲ್ಲಿ ಯಾರಾದರೂ ನಕ್ಕರೆ
ನನ್ನದೇ ಕೈಗೆಲಸ ನನ್ನನ್ನು ಗುರುತು ಹಿಡಿಯದೆ
ಹೊಳೆದು ಹೋದಂತಿರುತ್ತಿತ್ತು.

ಅದಕ್ಕೇ ಇರಬೇಕು, ಅಥೆನ್ಸಿನ ಗೂಬೆಗೆ ನಾನು ಸೋಲಲಿಲ್ಲ,
ಸಿರಕ್ಯೂಸಿನ ನಾಲ್ಕು ಕುದುರೆಗೂ ಇಲ್ಲ.
ಸೋತದ್ದು ಮೆಟಪಾಂಟಿಯದ ಒಂದು ಜವೆಗೋಧಿಯ ತೆನೆಗೆ.
ಇಟಲಿಯ ಅಂಗಾಲಿನಲ್ಲಿ ಗ್ರೀಕರು ಬಿತ್ತಿ ಬದುಕಿದ ಊರದು.
ಮುಂದೆ, ಬೆಳ್ಳಿಯಲ್ಲಿ ತೆನೆ ಉಬ್ಬಿ ನಿಂತಿದೆ;
ತಿರುಗಿಸಿದರೆ ಅದೇ ತೆನೆ ಒಳಕ್ಕೆ ತಗ್ಗಿದೆ.
ನಾಣ್ಯವೆಂದರೆ ಎರಡು ಮುಖ ಅನ್ನುತ್ತಾರಲ್ಲ,
ಇದಕ್ಕಿರುವುದು ಒಂದೇ:
ಈ ಕಡೆಯಿಂದ ಹಲ್ಲು,
ಆ ಕಡೆಯಿಂದ ಹಲ್ಲಿನ ಅಚ್ಚು.

ಎಂಟುನೂರು ಅಂದರು. ಹಲಗೆ ಎತ್ತಿದೆ.
ಫೋನು ಹಿಡಿದ ಹುಡುಗಿ ತಲೆಯಾಡಿಸಿದಳು,
ಅವಳ ಕಿವಿಯೊಳಗೆ ಯಾವನೋ ದುಡ್ಡಿದ್ದವನು.
ಒಂಬೈನೂರು, ಸಾವಿರ, ಸಾವಿರದ ಇನ್ನೂರು.
ಹೊಸ ಕನ್ನಡಕ, ಚಳಿಗಾಲದ ಗ್ಯಾಸು,
ತಂಗಿ ಹೆಡಿಗೆ ಮಾತು ಕೊಟ್ಟಿದ್ದ ಲುಗಾನೊ,
ಎತ್ತಿದ ಕೈಯ ತೋಳಿನಿಂದ ಒಂದೊಂದಾಗಿ ಜಾರಿದವು.
ಒಂದು ಸಲ. ಎರಡು ಸಲ.
ಮೂರನೆಯದು ಕೇಳಿಸಲೇ ಇಲ್ಲ,
ಸುತ್ತಿಗೆಗಿಂತ ಮೊದಲು ಎದೆ ಬಡಿದಿತ್ತು.

ರಾತ್ರಿ ಹಳೆಯ ಬೆಂಚಿನ ದೀಪ ಹಾಕಿ
ಮಸೂರ ಕಣ್ಣಿಗೊತ್ತಿ ಕೂತೆ.
ನಾಲ್ಕನೆಯ ಕಾಳಿನ ಬುಡದಲ್ಲೊಂದು ಕುಳಿ,
ಗಸಗಸೆಗಿಂತ ಚಿಕ್ಕದು, ಗುಂಡಗೆ.
ಕಾಲ ಕಚ್ಚಿದರೆ ಇಷ್ಟು ದುಂಡಗೆ ಕಚ್ಚುವುದಿಲ್ಲ.
ಬಲ್ಲೆ ಇದನ್ನು. ಕಲಿಯುವ ಹುಡುಗನಾಗಿದ್ದಾಗ
ಇದಕ್ಕಾಗಿ ಕಿವಿ ಹಿಂಡಿಸಿಕೊಂಡಿದ್ದೇನೆ.
ಕಾದ ಲೋಹ ಅಚ್ಚಿಗಿಳಿಯುವಾಗ
ಹೊರಗೋಡುವುದನ್ನು ಮರೆತ ಗಾಳಿ ಅದು.

ಟಂಕಸಾಲೆಯ ಪೆಟ್ಟು ತಿಂದ ಬೆಳ್ಳಿಯಲ್ಲಿ ಗುಳ್ಳೆ ಇರದು.
ಇದು ಎರಕ. ಖೋಟಾ.
ಅಂಚಿನಲ್ಲಿ ಅರ ತಿಕ್ಕಿದ ಗೆರೆ, ಎಡಗೈಯವನ ಓಟ.
ಮೇಣ ಕರಗಿಸಿದ್ದಾನೆ, ಬೆಳ್ಳಿ ಹೊಯ್ದಿದ್ದಾನೆ,
ನಮ್ಮವನೇ.
ಎಲ್ಲೋ ಹಲ್ಲು ಕಟ್ಟಿಸುವವರು ಕಮ್ಮಿಯಾದ ಊರಿನಲ್ಲಿ
ಕೂತಿದ್ದಾನೆ, ನನ್ನಂಥದೇ ಬೆಂಚು, ನನ್ನಂಥದೇ ದೀಪ.

ಸಿಟ್ಟು ಬಂತು. ಹಣದ ಸಿಟ್ಟು ಬೆಳಗಿನವರೆಗೆ.
ಆಮೇಲೆ ಉಳಿದದ್ದು ಗುಳ್ಳೆಯ ಸಿಟ್ಟು:
ಇಷ್ಟು ಚೆಂದದ ಮೇಣದ ಕೆಲಸ ಮಾಡಿದವನಿಗೆ
ಪ್ಲಾಸ್ಟರನ್ನು ಇನ್ನೆರಡು ನಿಮಿಷ ಅಲುಗಿಸಲು
ಏನಾಗಿತ್ತು ಧಾಡಿ!

ಹರಾಜಿನವರು ಸಭ್ಯರು. ಕ್ಷಮೆಯ ಕಾಗದ ಬಂತು,
ನಾಣ್ಯ ಕಳಿಸಿ, ಹಣ ಪೂರಾ ವಾಪಸು ಎಂದು.
ಹನ್ನೊಂದು ದಿನವಾಯಿತು. ಕಳಿಸಿಲ್ಲ.
ಹೆಡಿ ದಿನಾ ಫೋನಿನಲ್ಲಿ ಬೈಯುತ್ತಾಳೆ.

ಅವನೂ ಅಚ್ಚು ತೆಗೆದದ್ದು ಯಾವುದೋ ನಿಜದ ತೆನೆಯಿಂದಲೇ ತಾನೇ.
ಕಟ್ಟಿದ ಹಲ್ಲಿಗೂ ಒಂದು ಬಾಯಿಯ ನೆನಪಿರುತ್ತದೆ.

ನಿನ್ನೆ ಹಳೇ ಡಬ್ಬಿಯೊಂದು ಹುಡುಕಿ, ಹತ್ತಿ ಹಾಸಿ,
ತೆನೆಯನ್ನು ತಗ್ಗು ಮೇಲಾಗಿ ಮಲಗಿಸಿ,
ರೂಢಿಯಂತೆ ಚೀಟಿ ಬರೆದೆ:
ಹೆಸರು ಗೊತ್ತಿಲ್ಲ. ಎಡಗೈ.
ಕೈ ಪಳಗಿದೆ.
ನಾಲ್ಕನೆಯ ಕಾಳು ಮತ್ತೆ ಮಾಡಬೇಕು.